ವೆಬ್‌ಸೈಟ್‌ನ ಒಂದು ಫೋಲ್ಡರ್‌ಗೆ ಪಾಸ್‌ವರ್ಡ್: ಯಾರಿಗೆ ಯಾವ ದಾರಿ ಸರಿ?

ಸೈಟ್ ಎಲ್ಲರಿಗೂ ತೆರೆದಿರಬೇಕು, ಅದರೊಳಗಿನ ಒಂದು ಫೋಲ್ಡರ್ ಮಾತ್ರ ಗೊತ್ತಿರುವ ಕೆಲವರಿಗಷ್ಟೇ ಕಾಣಬೇಕು. ಅಪಾರ್ಟ್‌ಮೆಂಟ್ ಸಂಘದ ಲೆಕ್ಕಪತ್ರ, ಗ್ರಾಹಕರಿಗೆ ತೋರಿಸಬೇಕಾದ ಅರ್ಧ ಮುಗಿದ ಡಿಸೈನ್, ಸ್ಟುಡಿಯೋದವರು ಮದುವೆ ಮನೆಯವರಿಗೆ ಕೊಡುವ ಫೋಟೋಗಳು, ವರ್ಡ್‌ಪ್ರೆಸ್‌ನ ಅಡ್ಮಿನ್ ಭಾಗ, ಹೀಗೆ ಎಲ್ಲ ಕಡೆ ಇದೇ ಬೇಡಿಕೆ. ಹುಡುಕಿದರೆ ಹತ್ತಾರು ದಾರಿಗಳು ಸಿಗುತ್ತವೆ. ಅವುಗಳಲ್ಲಿ ಯಾವುದು ಗಟ್ಟಿ ಅನ್ನುವುದರ ಮೇಲೆಯೇ ಎಲ್ಲರ ಚರ್ಚೆ.

ನಾನು ಆರಿಸುವುದು ಬೇರೆ ಪ್ರಶ್ನೆ ಕೇಳಿಕೊಂಡು. ಒಳಗೆ ಬಿಟ್ಟವರಲ್ಲಿ ಒಬ್ಬರನ್ನು ನಾಳೆ ಹೊರಗಿಡಬೇಕಾಗಿ ಬಂದರೆ ಏನು ಮಾಡಬೇಕು? ಸಂಘದ ಖಜಾಂಚಿ ಬದಲಾಗುತ್ತಾರೆ, ಕೆಲಸದವರು ಬಿಟ್ಟು ಹೋಗುತ್ತಾರೆ, ಗ್ರಾಹಕರ ಜೊತೆ ಕೆಲಸ ಮುಗಿಯುತ್ತದೆ. ಆವತ್ತು ಒಂದು ಸಾಲು ಅಳಿಸಿದರೆ ಸಾಕಾ, ಅಥವಾ ಐವತ್ತು ಜನಕ್ಕೂ ಹೊಸ ಪಾಸ್‌ವರ್ಡ್ ಕಳಿಸಬೇಕಾ? ಇದಕ್ಕೆ ಉತ್ತರ ಗೊತ್ತಾದರೆ ಅರ್ಧ ಆಯ್ಕೆ ಮುಗಿದ ಹಾಗೆ. ಇನ್ನರ್ಧ, ಸರ್ವರ್ ಎಷ್ಟರ ಮಟ್ಟಿಗೆ ನಿಮ್ಮ ಕೈಯಲ್ಲಿದೆ ಅನ್ನುವುದರ ಮೇಲೆ ಹೋಗುತ್ತದೆ.

ರಕ್ಷಣೆ ಅನ್ನಿಸಿದರೂ ರಕ್ಷಣೆ ಅಲ್ಲದವು

ಫೋಲ್ಡರ್‌ಗೆ ಯಾರೂ ಊಹಿಸಲಾಗದ ಹೆಸರಿಟ್ಟು ಲಿಂಕನ್ನು ಬೇಕಾದವರಿಗೆ ಮಾತ್ರ ಕಳಿಸುವುದು ತುಂಬಾ ಜನ ಮಾಡುವ ಕೆಲಸ. ಆ ಲಿಂಕ್ ಒಂದು ವಾಟ್ಸಾಪ್ ಗ್ರೂಪಿಗೆ ಬಿದ್ದರೆ ಮುಗಿಯಿತು, ಫಾರ್ವರ್ಡ್ ಆಗುತ್ತಲೇ ಇರುತ್ತದೆ. ರೋಬಾಟ್ಸ್ ಫೈಲಿನಲ್ಲಿ ಫೋಲ್ಡರ್ ಹೆಸರು ಬರೆದು ಸರ್ಚ್ ಎಂಜಿನ್‌ಗಳಿಗೆ ಬರಬೇಡಿ ಅನ್ನುವುದು ಇನ್ನೂ ಕೆಟ್ಟದ್ದು. ಆ ಫೈಲನ್ನು ಯಾರು ಬೇಕಾದರೂ ತೆರೆದು ಓದಬಹುದು, ಎಲ್ಲಿ ಕೈ ಹಾಕಬೇಕು ಅಂತ ನೀವೇ ಹೇಳಿಕೊಟ್ಟಂತಾಗುತ್ತದೆ. ಫೋಲ್ಡರ್ ತೆರೆದಾಗ ಫೈಲ್ ಪಟ್ಟಿ ಕಾಣದಂತೆ ಮಾಡುವುದು ಒಳ್ಳೆಯದೇ, ಮಾಡಿ. ಆದರೆ ಫೈಲ್ ಹೆಸರು ಗೊತ್ತಿದ್ದವರಿಗೆ ಫೈಲ್ ಸಿಕ್ಕೇ ಸಿಗುತ್ತದೆ.

ಇನ್ನೊಂದು, ಪುಟ ತೆರೆದ ತಕ್ಷಣ ಜಾವಾಸ್ಕ್ರಿಪ್ಟ್‌ನಲ್ಲಿ ಪಾಸ್‌ವರ್ಡ್ ಕೇಳಿ, ತಪ್ಪಾದರೆ ಬೇರೆ ಪುಟಕ್ಕೆ ಕಳಿಸುವುದು. ಇಲ್ಲಿ ಪುಟ ಆಗಲೇ ಬ್ರೌಸರ್‌ಗೆ ಬಂದುಬಿಟ್ಟಿರುತ್ತದೆ. ಸೋರ್ಸ್ ನೋಡಿದರೆ ವಿಷಯವೂ ಸಿಗುತ್ತದೆ, ಎಷ್ಟೋ ಸಲ ಪಾಸ್‌ವರ್ಡ್ ಕೂಡ. ದಯವಿಟ್ಟು ಇದನ್ನು ಯಾರೂ ಬಳಸಬೇಡಿ.

ಬೇಸಿಕ್ ಆಥ್: ಹಳೆಯದು, ಸರಳ, ಈಗಲೂ ಸಾಕು

ಬ್ರೌಸರ್ ತಾನಾಗಿಯೇ ಒಂದು ಚಿಕ್ಕ ಪೆಟ್ಟಿಗೆ ತೆರೆದು ಹೆಸರು, ಪಾಸ್‌ವರ್ಡ್ ಕೇಳುತ್ತದಲ್ಲ, ಅದೇ ಬೇಸಿಕ್ ಆಥ್. 1996ರ ಎಚ್‌ಟಿಟಿಪಿ 1.0 ದಾಖಲೆಯಲ್ಲೇ ಇದು ಇದೆ. ಸರ್ವರ್ 401, ಅಂದರೆ ಮೊದಲು ಗುರುತು ತೋರಿಸಿ ಅಂತ ಉತ್ತರ ಕೊಡುತ್ತದೆ, ಬ್ರೌಸರ್ ಪೆಟ್ಟಿಗೆ ತೋರಿಸುತ್ತದೆ, ನೀವು ತುಂಬಿದ ಹೆಸರನ್ನೂ ಪಾಸ್‌ವರ್ಡನ್ನೂ ನಡುವೆ ಒಂದು ಕೋಲನ್ ಇಟ್ಟು ಸೇರಿಸಿ ಬೇಸ್64ಗೆ ಬದಲಿಸಿ ಕಳಿಸುತ್ತದೆ. ಅದಕ್ಕೇ ಯೂಸರ್ ಹೆಸರಿನಲ್ಲಿ ಕೋಲನ್ ಇರುವಂತಿಲ್ಲ.

ಬೇಸ್64 ಅನ್ನುವುದು ಗೂಢಲಿಪಿ ಅಲ್ಲ. ಬರವಣಿಗೆಯ ರೂಪ ಬದಲಿಸುವ ವಿಧಾನ ಅಷ್ಟೇ, ಯಾರು ಬೇಕಾದರೂ ಒಂದು ಕ್ಷಣದಲ್ಲಿ ವಾಪಸ್ ಓದಬಹುದು. ಹಾಗಾಗಿ ದಾರಿಯಲ್ಲಿ ಹೋಗುವುದನ್ನೆಲ್ಲ ಗೂಢಲಿಪಿ ಮಾಡುವ ಎಚ್‌ಟಿಟಿಪಿಎಸ್ ಇಲ್ಲದೆ ಬೇಸಿಕ್ ಆಥ್ ಹಾಕುವುದು ಸುಮ್ನೆ. ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಸರ್ಟಿಫಿಕೇಟ್ ಪುಕ್ಕಟೆ ಸಿಗುವಾಗ ಇದಕ್ಕೆ ನೆಪವೂ ಇಲ್ಲ.

ಇನ್ನೊಂದು ಗುಣ ಗಮನಿಸಿ. ಒಮ್ಮೆ ಪಾಸ್‌ವರ್ಡ್ ಕೊಟ್ಟರೆ ಬ್ರೌಸರ್ ಅದನ್ನು ನೆನಪಿಟ್ಟುಕೊಂಡು ಆ ಫೋಲ್ಡರ್‌ನ ಪ್ರತಿ ಫೈಲ್ ಕೇಳುವಾಗಲೂ ಜೊತೆಗೆ ಕಳಿಸುತ್ತದೆ, ಚಿತ್ರ, ಸ್ಟೈಲ್ ಫೈಲ್ ಎಲ್ಲಕ್ಕೂ. ಇದರಿಂದ ಒಂದು ಅನುಕೂಲ: ಸರ್ವರ್‌ನ ಪಟ್ಟಿಯಿಂದ ಹೆಸರು ತೆಗೆದ ಮರುಕ್ಷಣವೇ ಆ ವ್ಯಕ್ತಿಗೆ ಬಾಗಿಲು ಮುಚ್ಚುತ್ತದೆ, ಅವರ ಬ್ರೌಸರ್ ಎಷ್ಟೇ ನೆನಪಿಟ್ಟುಕೊಂಡಿರಲಿ. ಒಂದು ಅನಾನುಕೂಲ: ಲಾಗ್‌ಔಟ್ ಬಟನ್ ಅನ್ನುವುದೇ ಇಲ್ಲ. ಸೈಬರ್ ಸೆಂಟರ್‌ನಲ್ಲಿ ತೆರೆದವರು ಬ್ರೌಸರ್ ಪೂರ್ತಿ ಮುಚ್ಚಿ ಏಳಬೇಕು. ತಪ್ಪು ಪಾಸ್‌ವರ್ಡ್ ಇಷ್ಟು ಸಲ ಆದರೆ ತಡೆ ಅನ್ನುವುದೂ ಇದರಲ್ಲಿ ಇಲ್ಲ, ಅದಕ್ಕೆ ಲಾಗ್ ನೋಡಿ ಐಪಿ ತಡೆಯುವ ಫೇಲ್‌ಟುಬ್ಯಾನ್ ಥರದ್ದನ್ನು ಬೇರೆಯಾಗಿ ಕೂರಿಸಬೇಕು. ವೆಬ್ ಸರ್ವರ್ ಪ್ರೋಗ್ರಾಂಗಳಾದ ಅಪಾಚೆ, ಎಂಜಿನ್‌ಎಕ್ಸ್ ಎರಡಕ್ಕೂ ಸಿದ್ಧ ನಿಯಮಗಳು ಅದರಲ್ಲೇ ಬರುತ್ತವೆ.

ಎಲ್ಲರಿಗೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಕೊಡುವ ಅಭ್ಯಾಸ ಬಿಡಿ. ಪಟ್ಟಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲು ಹಾಕಲು ಒಂದು ನಿಮಿಷ ಸಾಕು. ಆಮೇಲೆ ಯಾರು ಬಂದರು ಅಂತ ಲಾಗ್‌ನಲ್ಲಿ ಹೆಸರು ಸಹಿತ ಕಾಣುತ್ತದೆ, ಒಬ್ಬರನ್ನು ತೆಗೆಯುವಾಗ ಉಳಿದವರಿಗೆ ಗೊತ್ತೇ ಆಗುವುದಿಲ್ಲ.

ಹೋಸ್ಟಿಂಗ್ ಹಂಚಿಕೊಂಡಿದ್ದರೆ: ಸಿಪ್ಯಾನೆಲ್ ಅಥವಾ ಕೈಯಾರೆ

ವರ್ಷಕ್ಕೆ ಇಷ್ಟು ಅಂತ ಕಟ್ಟುವ ಶೇರ್ಡ್ ಹೋಸ್ಟಿಂಗ್ ನಿಮ್ಮದಾದರೆ ಹೆಚ್ಚು ಯೋಚಿಸಬೇಕಿಲ್ಲ. ಹೋಸ್ಟಿಂಗ್‌ನವರು ಕೊಡುವ ನಿರ್ವಹಣೆ ಪ್ಯಾನೆಲ್ ಆದ ಸಿಪ್ಯಾನೆಲ್‌ನಲ್ಲಿ ಡೈರೆಕ್ಟರಿ ಪ್ರೈವಸಿ ಅಂತ ಒಂದು ಐಕಾನ್ ಇರುತ್ತದೆ. ಫೋಲ್ಡರ್ ಆರಿಸಿ, ಟಿಕ್ ಹಾಕಿ, ಯೂಸರ್‌ಗಳನ್ನು ಸೇರಿಸಿ, ಆಯಿತು. ಅದೇ ಥರದ ಪ್ಲೆಸ್ಕ್‌ನಲ್ಲೂ ಪಾಸ್‌ವರ್ಡ್ ಇರುವ ಡೈರೆಕ್ಟರಿಗಳಿಗೆ ಬೇರೆ ವಿಭಾಗವೇ ಇದೆ. ಸಿಪ್ಯಾನೆಲ್ ಹಿಂದೆ ಮಾಡುವುದು ನೀವು ಕೈಯಾರೆ ಮಾಡುವುದನ್ನೇ: ಆ ಫೋಲ್ಡರ್‌ನಲ್ಲಿ ಚುಕ್ಕೆಯಿಂದ ಶುರುವಾಗುವ ಎಚ್‌ಟಿಆಕ್ಸೆಸ್ ಅನ್ನುವ ನಿಯಮಗಳ ಫೈಲ್ ಬರೆಯುತ್ತದೆ, ಪಾಸ್‌ವರ್ಡ್ ಪಟ್ಟಿಯನ್ನು ಸೈಟ್‌ನ ಫೋಲ್ಡರ್‌ನಿಂದ ಹೊರಗೆ, ನಿಮ್ಮ ಹೋಮ್ ಡೈರೆಕ್ಟರಿಯಲ್ಲಿ ಇಡುತ್ತದೆ. ಹೊರಗೆ ಇಡುವುದೇ ಮುಖ್ಯ. ಕೈಯಾರೆ ಮಾಡುವವರು ಎಷ್ಟೋ ಜನ ಪಟ್ಟಿಯನ್ನೂ ಅದೇ ಫೋಲ್ಡರ್‌ನಲ್ಲಿ ಇಟ್ಟುಬಿಡುತ್ತಾರೆ.

ಕೈಯಾರೆ ಬರೆಯುವುದಾದರೆ ನಾಲ್ಕು ಸಾಲು ಸಾಕು. ಆಥ್‌ಟೈಪ್ ಬೇಸಿಕ್ ಅಂತ ಒಂದು, ಆಥ್‌ನೇಮ್‌ನಲ್ಲಿ ಫೋಲ್ಡರ್‌ಗೆ ಒಂದು ಹೆಸರು, ಆಥ್‌ಯೂಸರ್‌ಫೈಲ್‌ನಲ್ಲಿ ಪಟ್ಟಿ ಇರುವ ಜಾಗ, ಕೊನೆಗೆ ರಿಕ್ವೈರ್ ವ್ಯಾಲಿಡ್-ಯೂಸರ್. ಇದರಲ್ಲಿ ಎಡವುವುದು ಮೂರನೇ ಸಾಲಿನಲ್ಲಿ. ಪಟ್ಟಿಯ ಜಾಗವನ್ನು ಬೇರು ಡೈರೆಕ್ಟರಿಯಿಂದ ಶುರುಮಾಡಿ ಪೂರ್ತಿಯಾಗಿ ಬರೆಯಬೇಕು. ಬರೀ ಫೈಲ್ ಹೆಸರು ಕೊಟ್ಟರೆ ಅಪಾಚೆ ಅದನ್ನು ಎಚ್‌ಟಿಆಕ್ಸೆಸ್ ಇರುವ ಫೋಲ್ಡರ್‌ನಲ್ಲಿ ಹುಡುಕುವುದಿಲ್ಲ, ತನ್ನದೇ ಮೂಲ ಡೈರೆಕ್ಟರಿಯಲ್ಲಿ ಹುಡುಕುತ್ತದೆ. ಆಗ ಪೆಟ್ಟಿಗೆ ಸರಿಯಾಗೇ ಬರುತ್ತದೆ, ಪಾಸ್‌ವರ್ಡ್ ಕೊಟ್ಟ ಮೇಲೆ 500 ಎರರ್. ಜನ ಪಾಸ್‌ವರ್ಡ್ ತಪ್ಪಿರಬೇಕು ಅಂತ ಅದನ್ನೇ ಮತ್ತೆ ಮತ್ತೆ ಬದಲಿಸುತ್ತಾ ಕೂರುತ್ತಾರೆ.

ಪ್ಯಾನೆಲ್ ಮತ್ತು ಕೈಬರಹದ ನಡುವೆ ನನ್ನ ಆಯ್ಕೆ ಪ್ಯಾನೆಲ್. ನಿಮ್ಮ ನಂತರ ಸೈಟ್ ನೋಡಿಕೊಳ್ಳುವವರಿಗೂ ಅದು ಅರ್ಥವಾಗುತ್ತದೆ, ಸಂಘದ ಮುಂದಿನ ಕಾರ್ಯದರ್ಶಿಗೆ ಎಫ್‌ಟಿಪಿ ಕಲಿಸುವ ಅಗತ್ಯ ಇಲ್ಲ.

ವರ್ಡ್‌ಪ್ರೆಸ್ ಇರುವ ಸೈಟ್‌ನ ಒಳಗೆ ಇನ್ನೊಂದು ಫೋಲ್ಡರ್ ಮುಚ್ಚಿದಾಗ ಪಾಸ್‌ವರ್ಡ್ ಕೇಳುವ ಬದಲು ವರ್ಡ್‌ಪ್ರೆಸ್‌ನ 404 ಪುಟ ಬರುವುದುಂಟು. ಕಾರಣ ಇಷ್ಟು: 401ಕ್ಕೆ ತೋರಿಸಬೇಕಾದ ಎರರ್ ಪುಟವನ್ನು ಹುಡುಕಲು ಅಪಾಚೆ ಹೋಗುತ್ತದೆ, ಅಂಥ ಫೈಲ್ ಇಲ್ಲದಿದ್ದಾಗ ವಿಳಾಸ ಬದಲಿಸುವ ವರ್ಡ್‌ಪ್ರೆಸ್‌ನ ರೀರೈಟ್ ನಿಯಮ ನಡುವೆ ಬಂದು ಅದನ್ನು ತನ್ನ ಪುಟ ಅಂತ ತೆಗೆದುಕೊಳ್ಳುತ್ತದೆ. ಎಚ್‌ಟಿಆಕ್ಸೆಸ್‌ನಲ್ಲಿ ಎರರ್‌ಡಾಕ್ಯುಮೆಂಟ್ 401 ಡೀಫಾಲ್ಟ್ ಅಂತ ಒಂದು ಸಾಲು ಸೇರಿಸಿದರೆ ಸರಿಹೋಗುತ್ತದೆ.

ಇನ್ನು ವರ್ಡ್‌ಪ್ರೆಸ್‌ನ ಅಡ್ಮಿನ್ ಫೋಲ್ಡರ್‌ಗೇ ಬೀಗ ಹಾಕುವವರಿಗೆ ಎರಡು ಮಾತು. ಲಾಗಿನ್ ಪುಟ ಆ ಫೋಲ್ಡರ್ ಒಳಗಿಲ್ಲ, ಅದು ಸೈಟ್‌ನ ಬೇರಿನಲ್ಲಿದೆ. ಹಾಗಾಗಿ ಫೋಲ್ಡರ್ ಮುಚ್ಚಿದರೂ ಪಾಸ್‌ವರ್ಡ್ ಊಹಿಸುವ ಬಾಟ್‌ಗಳು ಲಾಗಿನ್ ಪುಟಕ್ಕೆ ಬಡಿಯುತ್ತಲೇ ಇರುತ್ತವೆ, ಆ ಫೈಲಿಗೂ ಬೇರೆ ನಿಯಮ ಬೇಕು. ಇದಕ್ಕೆ ತದ್ವಿರುದ್ಧವಾಗಿ, ಹೊರಗಿನ ಓದುಗರಿಗೂ ಬೇಕಾದ ಅಡ್ಮಿನ್-ಏಜಾಕ್ಸ್ ಫೈಲ್ ಆ ಫೋಲ್ಡರ್ ಒಳಗೇ ಇದೆ. ಅದನ್ನು ಬಿಡದಿದ್ದರೆ ಸೈಟ್‌ಗೆ ಬಂದ ಮಾಮೂಲಿ ಓದುಗರಿಗೆ ಇದ್ದಕ್ಕಿದ್ದಂತೆ ಪಾಸ್‌ವರ್ಡ್ ಪೆಟ್ಟಿಗೆ ಎದುರಾಗಬಹುದು. ಇಡೀ ಸೈಟ್‌ಗೇ ಬೇಸಿಕ್ ಆಥ್ ಹಾಕಿದರೆ ವರ್ಡ್‌ಪ್ರೆಸ್ 5.6ರಲ್ಲಿ ಬಂದ ಅಪ್ಲಿಕೇಶನ್ ಪಾಸ್‌ವರ್ಡ್‌ಗಳಿಗೂ ತೊಂದರೆ, ಯಾಕೆಂದರೆ ಅವೂ ಅದೇ ಹೆಡರ್‌ನಲ್ಲಿ ಬರುತ್ತವೆ, ಒಂದು ಹೆಡರ್‌ನಲ್ಲಿ ಎರಡು ಪಾಸ್‌ವರ್ಡ್ ಹಿಡಿಸುವುದಿಲ್ಲ.

ಸ್ವಂತ ಸರ್ವರ್, ಅಪಾಚೆ ಇದ್ದರೆ

ರೂಟ್ ಅಧಿಕಾರ ಇರುವವರು ಎಚ್‌ಟಿಆಕ್ಸೆಸ್ ಬಿಟ್ಟುಬಿಡಿ. ಅದೇ ನಾಲ್ಕು ಸಾಲುಗಳನ್ನು ಮುಖ್ಯ ಸಂರಚನೆಯ ಡೈರೆಕ್ಟರಿ ಬ್ಲಾಕ್ ಒಳಗೆ ಹಾಕಿ. ಎಚ್‌ಟಿಆಕ್ಸೆಸ್‌ಗೆ ಅವಕಾಶ ಕೊಟ್ಟರೆ ಅಪಾಚೆ ಪ್ರತಿ ಬೇಡಿಕೆಗೂ ಆ ಫೋಲ್ಡರ್‌ನಲ್ಲಿ, ಅದರ ಮೇಲಿನ ಫೋಲ್ಡರ್‌ಗಳಲ್ಲಿ ಎಲ್ಲ ಆ ಫೈಲ್ ಇದೆಯಾ ಅಂತ ನೋಡುತ್ತದೆ. ವೇಗಕ್ಕಿಂತ ನನಗೆ ಮುಖ್ಯವಾದ ಕಾರಣ ಇನ್ನೊಂದು: ಸೈಟ್ ಫೈಲ್‌ಗಳನ್ನು ಅಳಿಸಿ ಹೊಸದಾಗಿ ಅಪ್‌ಲೋಡ್ ಮಾಡುವಾಗ ಚುಕ್ಕೆ ಫೈಲ್ ಕಣ್ಣಿಗೆ ಬೀಳದೆ ಕಳೆದುಹೋಗುತ್ತದೆ, ಜೊತೆಗೇ ಬೀಗವೂ ಹೋಗುತ್ತದೆ, ಯಾವ ಎರರೂ ಬರುವುದಿಲ್ಲ. ಮುಖ್ಯ ಸಂರಚನೆಯಲ್ಲಿ ಇದ್ದರೆ ಆ ಭಯ ಇಲ್ಲ.

ಎಚ್‌ಟಿಆಕ್ಸೆಸ್ ಬರೆದರೂ ಪಾಸ್‌ವರ್ಡ್ ಕೇಳುತ್ತಲೇ ಇಲ್ಲ ಅನ್ನುವವರು ಮೊದಲು ಎಚ್‌ಟಿಆಕ್ಸೆಸ್‌ಗೆ ಅವಕಾಶ ಕೊಡುವ ಅಲೌಓವರ್‌ರೈಡ್ ನೋಡಿ. ಅಪಾಚೆ 2.4ರಲ್ಲಿ ಅದರ ಡೀಫಾಲ್ಟ್ ನನ್ (None), ಅಂದರೆ ಎಚ್‌ಟಿಆಕ್ಸೆಸ್ ಅನ್ನು ಓದುವುದೇ ಇಲ್ಲ. ಪಾಸ್‌ವರ್ಡ್ ಕೆಲಸಕ್ಕೆ ಆಥ್‌ಕಾನ್‌ಫಿಗ್ ಅಂತ ಕೊಟ್ಟರೆ ಸಾಕು, ಎಲ್ಲವನ್ನೂ ತೆರೆಯುವ ಆಲ್ ಬೇಡ.

ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ ಕಳಿಸುವ ನಿಯಮವನ್ನೂ ಪಾಸ್‌ವರ್ಡ್ ಸಾಲುಗಳನ್ನೂ ಒಂದೇ ಎಚ್‌ಟಿಆಕ್ಸೆಸ್‌ನಲ್ಲಿ ಹಾಕುವವರು ಬಹಳ. ರೀಡೈರೆಕ್ಟ್ ಮೇಲೆ ಬರೆದಿದೆ, ಆದ್ದರಿಂದ ಅದು ಮೊದಲು ನಡೆಯುತ್ತದೆ ಅನ್ನುವುದು ಅವರ ನಂಬಿಕೆ. ಅದು ಹಾಗಲ್ಲ. ಎಚ್‌ಟಿಆಕ್ಸೆಸ್‌ನಲ್ಲಿರುವ ರೀರೈಟ್ ನಿಯಮಗಳು ನಡೆಯುವುದು ಪಾಸ್‌ವರ್ಡ್ ಪರೀಕ್ಷೆ ಮುಗಿದ ಮೇಲೆ, ಬರೆದ ಸಾಲಿನ ಕ್ರಮಕ್ಕೂ ಅದಕ್ಕೂ ಸಂಬಂಧ ಇಲ್ಲ. ಅಂದರೆ ಯಾರಾದರೂ ಎಸ್ ಇಲ್ಲದ ವಿಳಾಸ ಟೈಪ್ ಮಾಡಿ ಬಂದರೆ ಅವರಿಗೆ ಬಯಲಿನಲ್ಲೇ ಒಮ್ಮೆ ಪಾಸ್‌ವರ್ಡ್ ಕೇಳುತ್ತದೆ, ಅವರು ಕೊಟ್ಟ ಮೇಲೆ ಎಚ್‌ಟಿಟಿಪಿಎಸ್‌ಗೆ ಕಳಿಸಿ ಮತ್ತೊಮ್ಮೆ ಕೇಳುತ್ತದೆ. ಎರಡು ಸಲ ಪಾಸ್‌ವರ್ಡ್ ಕೇಳುತ್ತಿದೆ ಅಂತ ದೂರು ಬಂದರೆ ಇದೇ ಇರಬಹುದು, ಮೊದಲ ಸಲದ್ದು ನೆಟ್‌ನಲ್ಲಿ ತೆರೆದೇ ಹೋಗಿದೆ. ಪರಿಹಾರ, 80ನೇ ಪೋರ್ಟಿನ ವರ್ಚುವಲ್ ಹೋಸ್ಟ್‌ನಲ್ಲೇ ರೀಡೈರೆಕ್ಟ್ ಹಾಕಿ, ಅಲ್ಲಿ ಪಾಸ್‌ವರ್ಡಿನ ಮಾತೇ ಬರದಂತೆ ನೋಡಿಕೊಳ್ಳುವುದು.

ಎಂಜಿನ್‌ಎಕ್ಸ್ ಇದ್ದರೆ

ಎಂಜಿನ್‌ಎಕ್ಸ್ ಎಚ್‌ಟಿಆಕ್ಸೆಸ್ ಓದುವುದಿಲ್ಲ. ಲೈಟ್‌ಸ್ಪೀಡ್ ಅನ್ನುವ ಇನ್ನೊಂದು ಸರ್ವರ್ ಓದುತ್ತದೆ, ಎಂಜಿನ್‌ಎಕ್ಸ್ ಇಲ್ಲ. ಅಪಾಚೆಯಿಂದ ಎಂಜಿನ್‌ಎಕ್ಸ್‌ಗೆ ಸೈಟ್ ಸಾಗಿಸಿದ ದಿನವೇ ನಿಮ್ಮ ಹಳೆಯ ಬೀಗಗಳೆಲ್ಲ ಬಿಚ್ಚಿಕೊಂಡಿರುತ್ತವೆ. ಅಪಾಚೆಯ ಡೀಫಾಲ್ಟ್ ಸಂರಚನೆ ಚುಕ್ಕೆ ಎಚ್‌ಟಿ ಅಂತ ಶುರುವಾಗುವ ಫೈಲ್‌ಗಳನ್ನು ಹೊರಗೆ ಕೊಡದಂತೆ ತಡೆದಿರುತ್ತದೆ, ಎಂಜಿನ್‌ಎಕ್ಸ್‌ನಲ್ಲಿ ಆ ತಡೆಯನ್ನು ನೀವೇ ಬರೆಯಬೇಕು. ಹಾಗಾಗಿ ಪಾಸ್‌ವರ್ಡ್ ಪಟ್ಟಿ ಸೈಟ್ ಫೋಲ್ಡರ್‌ನಲ್ಲೇ ಉಳಿದಿದ್ದರೆ ಅದನ್ನೂ ಡೌನ್‌ಲೋಡ್ ಮಾಡಿಕೊಳ್ಳಬಹುದು.

ಬರೆಯುವುದು ಸುಲಭ. ಲೊಕೇಶನ್ ಬ್ಲಾಕ್ ಒಳಗೆ ಆಥ್-ಬೇಸಿಕ್ ಅಂತ ಒಂದು ಸಾಲು, ಪಟ್ಟಿಯ ಜಾಗ ಹೇಳುವ ಇನ್ನೊಂದು ಸಾಲು, ರೀಲೋಡ್. ಆಮೇಲೆ ಪಟ್ಟಿಗೆ ಹೆಸರು ಸೇರಿಸಿದರೆ, ತೆಗೆದರೆ ರೀಲೋಡ್ ಕೂಡ ಬೇಡ.

ಆದರೆ ಒಂದು ಕಡೆ ಎಂಜಿನ್‌ಎಕ್ಸ್ ಕೆಟ್ಟದಾಗಿ ಕೈಕೊಡುತ್ತದೆ. ಅಡ್ಮಿನ್ ಅನ್ನುವ ಲೊಕೇಶನ್‌ಗೆ ಪಾಸ್‌ವರ್ಡ್ ಹಾಕಿದ್ದೀರಿ ಅಂದುಕೊಳ್ಳಿ. ಅದೇ ಸಂರಚನೆಯಲ್ಲಿ ಕೆಳಗೆ ಪಿಎಚ್‌ಪಿ ಫೈಲ್‌ಗಳನ್ನೆಲ್ಲ ಅವನ್ನು ಓಡಿಸುವ ಪಿಎಚ್‌ಪಿ-ಎಫ್‌ಪಿಎಂಗೆ ಕಳಿಸುವ ರೆಜೆಕ್ಸ್ (ಹೆಸರಿನ ಮಾದರಿ ನೋಡಿ ಹೊಂದಿಸುವ) ಲೊಕೇಶನ್ ಇರುತ್ತದೆ, ಎಲ್ಲರ ಸಂರಚನೆಯಲ್ಲೂ ಇರುತ್ತದೆ. ಎಂಜಿನ್‌ಎಕ್ಸ್ ಒಂದು ಬೇಡಿಕೆಗೆ ಒಂದೇ ಲೊಕೇಶನ್ ಆರಿಸುತ್ತದೆ, ಅದರಲ್ಲಿ ಸಾಮಾನ್ಯ ಹೆಸರಿಗಿಂತ ರೆಜೆಕ್ಸ್‌ಗೆ ಮೊದಲ ಮಣೆ. ಹಾಗಾಗಿ ಅಡ್ಮಿನ್ ಫೋಲ್ಡರ್‌ನ ಚಿತ್ರ ಕೇಳಿದರೆ ಪಾಸ್‌ವರ್ಡ್ ಕೇಳುತ್ತದೆ, ಅದೇ ಫೋಲ್ಡರ್‌ನ ಇಂಡೆಕ್ಸ್ ಪಿಎಚ್‌ಪಿ ಕೇಳಿದರೆ ಸೀದಾ ಓಡಿಸಿಬಿಡುತ್ತದೆ. ಯಾವುದನ್ನು ಕಾಯಬೇಕಿತ್ತೋ ಅದೇ ಬಯಲಿಗೆ. ಇದನ್ನು ಸರಿಪಡಿಸಲು ಆ ಲೊಕೇಶನ್ ಹೆಸರಿಗೆ ಮುಂಚೆ ಕ್ಯಾರೆಟ್ ಮತ್ತು ಟಿಲ್ಡೆ ಚಿಹ್ನೆ ಹಾಕಿ ರೆಜೆಕ್ಸ್ ಹುಡುಕಾಟ ನಿಲ್ಲಿಸಬೇಕು, ಮತ್ತು ಪಿಎಚ್‌ಪಿ ನಿಯಮವನ್ನು ಅದರ ಒಳಗೇ ಇನ್ನೊಮ್ಮೆ ಬರೆಯಬೇಕು. ಅಪಾಚೆಯಲ್ಲಿ ನಿಯಮ ಡಿಸ್ಕ್‌ನ ಡೈರೆಕ್ಟರಿಗೆ ಅಂಟಿಕೊಂಡಿರುವುದರಿಂದ ಈ ಸಮಸ್ಯೆ ಹೀಗೆ ಬರುವುದಿಲ್ಲ. ಬರೀ ಪಿಡಿಎಫ್, ಚಿತ್ರ ಇರುವ ಫೋಲ್ಡರ್ ಆದರೆ ಎರಡೂ ಒಂದೇ, ಪಿಎಚ್‌ಪಿ ಇದ್ದರೆ ಈ ವಿಷಯದಲ್ಲಿ ನಾನು ಅಪಾಚೆ ಪಕ್ಷ.

ಕ್ಯಾಡಿ ಅನ್ನುವ ವೆಬ್ ಸರ್ವರ್ ಬಗ್ಗೆ ಚುಟುಕಾಗಿ. ಹೊಸದಾಗಿ ಸರ್ವರ್ ಕಟ್ಟುತ್ತಿದ್ದರೆ, ಹಳೆಯ ಸಂರಚನೆಯ ಹೊರೆ ಇಲ್ಲದಿದ್ದರೆ ಅದನ್ನೇ ನೋಡಿ. ಎಚ್‌ಟಿಟಿಪಿಎಸ್ ತಾನಾಗೇ ಬರುತ್ತದೆ, ಪಾಸ್‌ವರ್ಡನ್ನು ಹ್ಯಾಶ್, ಅಂದರೆ ವಾಪಸ್ ಓದಲಾಗದ ರೂಪ, ಮಾಡುವ ಕಮಾಂಡ್ ಅದರಲ್ಲೇ ಇದೆ, ಡೀಫಾಲ್ಟ್ ಹ್ಯಾಶ್ ಬಿಕ್ರಿಪ್ಟ್. ಹಳೆಯ ಲೇಖನ ನೋಡಿ ಬರೆಯುವವರು ಒಂದು ಗಮನಿಸಿ, 2.8ರಿಂದ ಆ ನಿರ್ದೇಶನದ ಹೆಸರಿನಲ್ಲಿ ಬೇಸಿಕ್ ಮತ್ತು ಆಥ್ ನಡುವೆ ಅಂಡರ್‌ಸ್ಕೋರ್ ಸೇರಿದೆ.

ಹ್ಯಾಶ್ ಯಾವುದು ಅನ್ನುವುದೂ ಒಂದು ಆಯ್ಕೆಯೇ

ಪಟ್ಟಿ ಮಾಡುವುದು ಎಚ್‌ಟಿಪಾಸ್‌ವರ್ಡ್ (htpasswd) ಅನ್ನುವ ಕಮಾಂಡ್. ಉಬುಂಟು, ಡೆಬಿಯನ್‌ನಲ್ಲಿ ಅಪಾಚೆ2-ಯುಟಿಲ್ಸ್ ಪ್ಯಾಕೇಜಿನಲ್ಲಿ ಸಿಗುತ್ತದೆ, ಎಂಜಿನ್‌ಎಕ್ಸ್ ಬಳಸುವವರೂ ಅದನ್ನೇ ಹಾಕಿಕೊಳ್ಳಬಹುದು. ಸಣ್ಣ ಸಿ ಆಯ್ಕೆ ಹೊಸ ಪಟ್ಟಿ ಮಾಡಲು, ಮೊದಲ ಸಲ ಮಾತ್ರ. ಎರಡನೇ ಯೂಸರ್ ಸೇರಿಸುವಾಗಲೂ ಅದನ್ನು ಹಾಕಿದರೆ ಹಳೆಯ ಪಟ್ಟಿ ಪೂರ್ತಿ ಅಳಿಸಿಹೋಗುತ್ತದೆ, ಕೇಳುವುದೂ ಇಲ್ಲ. ಸಣ್ಣ ಬಿ ಹಾಕಿ ಪಾಸ್‌ವರ್ಡನ್ನು ಕಮಾಂಡ್ ಸಾಲಿನಲ್ಲೇ ಬರೆಯಬೇಡಿ, ಶೆಲ್ ಹಿಸ್ಟರಿಯಲ್ಲಿ ಉಳಿಯುತ್ತದೆ. ಬೇಕಾಗಿರುವುದು ದೊಡ್ಡ ಬಿ, ಅದು ಬಿಕ್ರಿಪ್ಟ್. ಒಬ್ಬರನ್ನು ತೆಗೆಯಲು ದೊಡ್ಡ ಡಿ.

ಏನೂ ಹೇಳದಿದ್ದರೆ ಅದು ಬಳಸುವುದು ಅಪಾಚೆಯ ಎಂಡಿ5 ರೂಪ, ಒಂದು ಸಾವಿರ ಸುತ್ತಿನದು. ಪಟ್ಟಿ ಕಳುವಾದರೆ ಈಗಿನ ಗ್ರಾಫಿಕ್ಸ್ ಕಾರ್ಡ್‌ಗಳ ಎದುರು ಅದು ತುಂಬಾ ದುರ್ಬಲ. ಹಳೆಯ ಕ್ರಿಪ್ಟ್ ರೂಪ ಮೊದಲ 8 ಅಕ್ಷರ ಮಾತ್ರ ನೋಡುತ್ತದೆ, ಉಳಿದದ್ದು ಏನಿದ್ದರೂ ಲೆಕ್ಕಕ್ಕಿಲ್ಲ. ಶಾ1 ರೂಪಕ್ಕೆ ಸಾಲ್ಟ್, ಅಂದರೆ ಒಂದೊಂದು ಪಾಸ್‌ವರ್ಡಿಗೂ ಬೇರೆ ಬೇರೆಯಾಗಿ ಬೆರೆಸುವ ಅಕ್ಷರಗಳು, ಇಲ್ಲ. ಹಾಗಾಗಿ ಬಿಕ್ರಿಪ್ಟ್. ಆದರೆ ಎಂಜಿನ್‌ಎಕ್ಸ್ ಬಿಕ್ರಿಪ್ಟ್ ಪರೀಕ್ಷೆಗೆ ಆಪರೇಟಿಂಗ್ ಸಿಸ್ಟಂನ ಕ್ರಿಪ್ಟ್ ಲೈಬ್ರರಿಯನ್ನೇ ನಂಬಿಕೊಂಡಿದೆ, ಹಳೆಯ ಲಿನಕ್ಸ್‌ಗಳಲ್ಲಿ ಅದಕ್ಕೆ ಬಿಕ್ರಿಪ್ಟ್ ಗೊತ್ತಿರಲಿಲ್ಲ. ಅಂಥ ಕಡೆ ಓಪನ್‌ಎಸ್‌ಎಸ್‌ಎಲ್‌ನ ಪಾಸ್‌ವರ್ಡ್ (passwd) ಕಮಾಂಡ್‌ನಲ್ಲಿ 6 ಅನ್ನುವ ಆಯ್ಕೆ ಕೊಟ್ಟು ಶಾ-512 ರೂಪ ಮಾಡಿಕೊಳ್ಳಿ.

ಬಿಕ್ರಿಪ್ಟ್‌ನ ಕಾಸ್ಟ್ ಅಂಕಿಯನ್ನು ಒಂದು ಹೆಚ್ಚಿಸಿದರೆ ಲೆಕ್ಕಕ್ಕೆ ಹಿಡಿಯುವ ಹೊತ್ತು ಎರಡು ಪಟ್ಟಾಗುತ್ತದೆ. ಎಚ್‌ಟಿಪಾಸ್‌ವರ್ಡ್‌ನ ಡೀಫಾಲ್ಟ್ 5. ಇದು ಕಡಿಮೆ ಅಂತ 14ಕ್ಕೋ 15ಕ್ಕೋ ಏರಿಸುವ ಮುಂಚೆ ಒಂದು ಯೋಚಿಸಿ: ಬೇಸಿಕ್ ಆಥ್‌ನಲ್ಲಿ ಪ್ರತಿ ಫೈಲಿಗೂ ಪಾಸ್‌ವರ್ಡ್ ಪರೀಕ್ಷೆ ಆಗುತ್ತದೆ. ಮದುವೆ ಆಲ್ಬಂನ ಒಂದು ಪುಟದಲ್ಲಿ 200 ಚಿಕ್ಕ ಚಿತ್ರ ಇದ್ದರೆ 200 ಸಲ ಬಿಕ್ರಿಪ್ಟ್ ಲೆಕ್ಕ, ಚಿಕ್ಕ ಸರ್ವರ್ ಒದ್ದಾಡಿಹೋಗುತ್ತದೆ. ಚಿತ್ರ ಜಾಸ್ತಿ ಇರುವ ಕಡೆ ಅಂಕಿ ಹಿತಮಿತವಾಗಿಟ್ಟು ಪಾಸ್‌ವರ್ಡನ್ನೇ ಉದ್ದ ಮಾಡಿ. ಅಪಾಚೆಯಲ್ಲಾದರೆ ಪರೀಕ್ಷೆಯ ಫಲಿತಾಂಶವನ್ನು ಸ್ವಲ್ಪ ಹೊತ್ತು ನೆನಪಿಡುವ ಸೋಕ್ಯಾಶ್ ಮಾಡ್ಯೂಲ್ ಇದೆ, ಅದನ್ನು ಹಾಕಿದರೆ ತೆಗೆದುಹಾಕಿದ ಹೆಸರೂ ಆ ಸ್ವಲ್ಪ ಹೊತ್ತು ನಡೆಯುತ್ತದೆ ಅನ್ನುವುದು ನೆನಪಿರಲಿ.

ಪಾಸ್‌ವರ್ಡ್ ಕನ್ನಡದಲ್ಲೇ ಇಡಬಹುದಾ? ಆಸೆ ಒಳ್ಳೆಯದು, ಆದರೆ ಬೇಸಿಕ್ ಆಥ್‌ನಲ್ಲಿ ಬೇಡ ಅನ್ನುತ್ತೇನೆ. ಅಕ್ಷರಗಳನ್ನು ಯುಟಿಎಫ್-8ರಲ್ಲಿ ಕಳಿಸಬೇಕು ಅಂತ ಸರ್ವರ್ ಹೇಳುವ ವ್ಯವಸ್ಥೆ ಬಂದಿದ್ದೇ 2015ರ ಆರ್‌ಎಫ್‌ಸಿ 7617 ಅನ್ನುವ ಮಾನದಂಡದ ದಾಖಲೆಯಲ್ಲಿ, ಹಳೆಯ ಬ್ರೌಸರ್, ಆಪ್‌ಗಳು ತಮಗೆ ತೋಚಿದಂತೆ ಮಾಡುತ್ತವೆ. ಜೊತೆಗೆ ಬಿಕ್ರಿಪ್ಟ್ ನೋಡುವುದು ಮೊದಲ 72 ಬೈಟ್ ಮಾತ್ರ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್, ಕ್ಷ ಅನ್ನುವ ಒಂದೇ ಅಕ್ಷರಕ್ಕೆ ಕ, ವಿರಾಮ, ಷ ಸೇರಿ 9 ಬೈಟ್. ಉದ್ದನೆಯ ವಾಕ್ಯ ಇಟ್ಟರೆ 24 ಚಿಹ್ನೆ ದಾಟಿದ್ದೆಲ್ಲ ವ್ಯರ್ಥ. ಕನ್ನಡದ ಮಾತುಗಳನ್ನೇ ಇಂಗ್ಲಿಷ್ ಅಕ್ಷರದಲ್ಲಿ, ಸಂಬಂಧವಿಲ್ಲದ ನಾಲ್ಕೈದು ಪದ ಜೋಡಿಸಿ ಬರೆದರೆ ನೆನಪೂ ಉಳಿಯುತ್ತದೆ, ಗಟ್ಟಿಯೂ ಇರುತ್ತದೆ.

ಡೈಜೆಸ್ಟ್ ಮತ್ತು ಐಪಿ ಕಟ್ಟುಪಾಡು

ಪಾಸ್‌ವರ್ಡ್ ಬಯಲಾಗಿ ಹೋಗದಿರಲಿ ಅಂತ ಮಾಡಿದ ಡೈಜೆಸ್ಟ್ ಆಥ್ ಬಗ್ಗೆ ಹಳೆಯ ಪುಸ್ತಕಗಳಲ್ಲಿ ಒಳ್ಳೆಯ ಮಾತಿದೆ. ಈಗ ಬೇಡ. ಅಪಾಚೆಯ ಡೈಜೆಸ್ಟ್ ಎಂಡಿ5 ಮೇಲೆ ನಿಂತಿದೆ, ಅದರ ಪಟ್ಟಿಯಲ್ಲಿ ಬಿಕ್ರಿಪ್ಟ್ ಇಡಲು ಆಗುವುದಿಲ್ಲ, ಪಟ್ಟಿ ಕಳುವಾದರೆ ಪಾಸ್‌ವರ್ಡ್ ಬಿಡಿಸದೆಯೇ ಆ ಹ್ಯಾಶ್ ಬಳಸಿ ಒಳಗೆ ಬರಬಹುದು. ಎಂಜಿನ್‌ಎಕ್ಸ್ ಜೊತೆಗೆ ಅದು ಬರುವುದೂ ಇಲ್ಲ. ಎಚ್‌ಟಿಟಿಪಿಎಸ್ ಮೇಲೆ ಬೇಸಿಕ್, ಅಷ್ಟೇ.

ಇಂತಿಷ್ಟು ಐಪಿಗಳಿಂದ ಮಾತ್ರ ಬರಬಹುದು ಅನ್ನುವ ನಿಯಮ ಆಫೀಸಿಗೆ ಸ್ಥಿರ ಐಪಿ ಇದ್ದರೆ ಚೆನ್ನ, ಪಾಸ್‌ವರ್ಡ್ ಜೊತೆಗೆ ಎರಡನೇ ಬಾಗಿಲಾಗಿ. ನಮ್ಮ ಕಡೆಯ ಮನೆ ಬ್ರಾಡ್‌ಬ್ಯಾಂಡ್‌ನಲ್ಲಿ ರೌಟರ್ ಆಫ್ ಮಾಡಿ ಆನ್ ಮಾಡಿದರೆ ಐಪಿ ಬದಲಾಗಬಹುದು, ಮೊಬೈಲ್ ನೆಟ್‌ನಲ್ಲಂತೂ ಒಂದೇ ಐಪಿಯ ಹಿಂದೆ ಎಷ್ಟೋ ಜನ ಇರುತ್ತಾರೆ. ಐಪಿ ಸರಿ ಇದ್ದರೆ ಪಾಸ್‌ವರ್ಡ್ ಬೇಡ ಅನ್ನುವ ಸಡಿಲಿಕೆಯನ್ನು ಅಂಥ ಕಡೆ ಕೊಡಲೇಬೇಡಿ. ಎಂಜಿನ್‌ಎಕ್ಸ್‌ನಲ್ಲಿ ಸ್ಯಾಟಿಸ್‌ಫೈ ಎನಿ ಅಂದರೆ ಎರಡರಲ್ಲಿ ಒಂದು ಸಾಕು, ಆಲ್ ಅಂದರೆ ಎರಡೂ ಬೇಕು. ಈ ಒಂದು ಪದ ನೋಡಿಕೊಂಡು ಬರೆಯಿರಿ.

ಜನ ಹೆಚ್ಚಾದಾಗ

ಹತ್ತು ಹದಿನೈದು ಜನ ದಾಟಿದ ಮೇಲೆ, ಬಂದುಹೋಗುವವರು ಜಾಸ್ತಿಯಾದ ಮೇಲೆ, ಪಟ್ಟಿ ನೋಡಿಕೊಳ್ಳುವುದು ತಲೆನೋವು. ಪಾಸ್‌ವರ್ಡ್ ಮರೆತವರು ನಿಮಗೇ ಫೋನ್ ಮಾಡುತ್ತಾರೆ, ಯಾಕೆಂದರೆ ಬೇಸಿಕ್ ಆಥ್‌ನಲ್ಲಿ ಮರೆತೆ ಅನ್ನುವ ಲಿಂಕ್ ಇಲ್ಲ. ಆಗ ಇಮೇಲ್ ವಿಳಾಸದ ಮೇಲೆ ನಡೆಯುವ ದಾರಿಗೆ ಹೋಗಿ. ಕ್ಲೌಡ್‌ಫ್ಲೇರ್ ಆಕ್ಸೆಸ್ ಇದರಲ್ಲಿ ಸುಲಭ: ಯಾವ ಪಾತ್ ಮುಚ್ಚಬೇಕು, ಯಾವ ಇಮೇಲ್‌ಗಳಿಗೆ ಬಿಡಬೇಕು ಅಂತ ಹೇಳಿದರೆ ಬಂದವರ ಇಮೇಲ್‌ಗೆ ಒಂದು ಸಲದ ಕೋಡ್ ಹೋಗುತ್ತದೆ. ಯಾರೂ ಪಾಸ್‌ವರ್ಡ್ ನೆನಪಿಡಬೇಕಿಲ್ಲ, ಪುಕ್ಕಟೆ ಯೋಜನೆಯಲ್ಲಿ 50 ಜನರವರೆಗೆ ಅವಕಾಶ ಇದೆ. ಅಪಾರ್ಟ್‌ಮೆಂಟ್ ಸಂಘಕ್ಕೆ ನಾನು ಹೇಳುವುದು ಇದನ್ನೇ.

ಆದರೆ ಡೊಮೇನ್ ಕ್ಲೌಡ್‌ಫ್ಲೇರ್ ಮೂಲಕ ಹಾದು ಬರುತ್ತಿರಬೇಕು. ಬೀಗ ಇರುವುದೂ ಅಲ್ಲೇ, ನಿಮ್ಮ ಸರ್ವರ್‌ನಲ್ಲಿ ಅಲ್ಲ. ಸರ್ವರ್‌ನ ನಿಜ ಐಪಿ ಗೊತ್ತಿರುವವರು ಪಕ್ಕದಿಂದ ಸೀದಾ ಬರಬಹುದು. ಅದನ್ನು ಮುಚ್ಚಲು ಅವರ ಟನೆಲ್ ಬಳಸಿ, ಇಲ್ಲವೇ ಫೈರ್‌ವಾಲ್‌ನಲ್ಲಿ ಅವರ ಐಪಿಗಳಿಗೆ ಮಾತ್ರ ಬಿಡಿ. ಇನ್ನೊಂದು, ಒಮ್ಮೆ ಒಳಬಂದವರ ಸೆಷನ್ ಅವಧಿ ಮುಗಿಯುವವರೆಗೆ ಇರುತ್ತದೆ, ಹಾಗಾಗಿ ಯಾರನ್ನಾದರೂ ತೆಗೆದ ಮೇಲೆ ಅವರ ಸೆಷನ್ ರದ್ದು ಮಾಡುವುದನ್ನೂ ಸೇರಿಸಿ. ಎಲ್ಲ ನಮ್ಮಲ್ಲೇ ಇರಲಿ ಅನ್ನುವವರಿಗೆ ಸ್ವಂತ ಸರ್ವರ್‌ನಲ್ಲೇ ಲಾಗಿನ್ ನೋಡಿಕೊಳ್ಳುವ ಓಆಥ್2-ಪ್ರಾಕ್ಸಿ, ಆಥೆಲಿಯಾ ಥರದವು ಇವೆ, ಎಂಜಿನ್‌ಎಕ್ಸ್‌ನ ಆಥ್-ರಿಕ್ವೆಸ್ಟ್ ಜೊತೆ ಚೆನ್ನಾಗಿ ಹೊಂದುತ್ತವೆ. ನಡೆಸಿಕೊಂಡು ಹೋಗಲು ಒಬ್ಬರಾದರೂ ತಿಳಿದವರು ಬೇಕು.

ಗಿಟ್‌ಹಬ್ ಪೇಜಸ್ ಥರದ ಕಡೆ ಸೈಟ್ ಇಟ್ಟವರಿಗೆ ಎಚ್‌ಟಿಆಕ್ಸೆಸ್ ಇಲ್ಲ. ಅಲ್ಲಿ ಸ್ಟ್ಯಾಟಿಕ್ರಿಪ್ಟ್ ಅನ್ನುವ ಸಾಧನ ಪುಟವನ್ನೇ ಎಇಎಸ್‌ನಲ್ಲಿ ಗೂಢಲಿಪಿ ಮಾಡಿ ಇಡುತ್ತದೆ, ಓದುವವರು ಪಾಸ್‌ವರ್ಡ್ ಕೊಟ್ಟಾಗ ಬ್ರೌಸರ್‌ನಲ್ಲೇ ಬಿಡಿಸುತ್ತದೆ. ಮೇಲೆ ಬೇಡವೆಂದ ಜಾವಾಸ್ಕ್ರಿಪ್ಟ್ ಪೆಟ್ಟಿಗೆಗೂ ಇದಕ್ಕೂ ಅಜಗಜಾಂತರ. ಆದರೂ ಗೂಢಲಿಪಿಯ ಪುಟವನ್ನು ಯಾರು ಬೇಕಾದರೂ ಇಳಿಸಿಕೊಂಡು ಮನೆಯಲ್ಲಿ ಕೂತು ಪಾಸ್‌ವರ್ಡ್ ಊಹಿಸಬಹುದು, ಚಿಕ್ಕ ಪಾಸ್‌ವರ್ಡ್ ಇಲ್ಲಿ ನಡೆಯದು. ಪುಟದಲ್ಲಿ ಲಿಂಕ್ ಆಗಿರುವ ಪಿಡಿಎಫ್, ಚಿತ್ರಗಳು ಬೇರೆ ಫೈಲ್‌ಗಳಾಗಿದ್ದರೆ ಅವಕ್ಕೆ ರಕ್ಷಣೆಯೂ ಇಲ್ಲ. ಒಬ್ಬರನ್ನು ತೆಗೆಯಲು ದಾರಿಯೇ ಇಲ್ಲ, ಪಾಸ್‌ವರ್ಡ್ ಬದಲಿಸಿ ಮತ್ತೆ ಪ್ರಕಟಿಸಬೇಕು.

ಹತ್ತು ಪಿಡಿಎಫ್ ಹಂಚಲು ಇಷ್ಟೆಲ್ಲ ಯಾಕೆ ಅನ್ನಿಸಿದರೆ ಗೂಗಲ್ ಡ್ರೈವ್‌ನಲ್ಲಿ ಇಮೇಲ್ ಹೆಸರಿಸಿ ಹಂಚಿಬಿಡಿ, ಲಿಂಕ್ ಇದ್ದವರಿಗೆಲ್ಲ ಅನ್ನುವುದನ್ನು ಮಾತ್ರ ಆರಿಸಬೇಡಿ. ನೀವೊಬ್ಬರೇ ನೋಡುವ ಡೇಟಾಬೇಸ್ ಪುಟ, ಅಂಕಿಅಂಶದ ಪುಟ ಆದರೆ ವೆಬ್‌ಗೆ ತೆರೆಯದೆ ಎಸ್‌ಎಸ್‌ಎಚ್ ಟನೆಲ್ ಅಥವಾ ವೈರ್‌ಗಾರ್ಡ್ ವಿಪಿಎನ್ ಹಿಂದೆ ಇಡಿ.

ಹಾಕಿದ ಮೇಲೆ ನೋಡಬೇಕಾದ್ದು

ನಿಮ್ಮ ಬ್ರೌಸರ್ ಆಗಲೇ ಪಾಸ್‌ವರ್ಡ್ ನೆನಪಿಟ್ಟುಕೊಂಡಿರುತ್ತದೆ, ಅದರಲ್ಲಿ ಪರೀಕ್ಷೆ ಮಾಡಿ ಪ್ರಯೋಜನ ಇಲ್ಲ. ಪ್ರೈವೇಟ್ ಕಿಟಕಿ ತೆರೆಯಿರಿ, ಅದಕ್ಕಿಂತ ಒಳ್ಳೆಯದು ಕರ್ಲ್ ಅನ್ನುವ ಕಮಾಂಡ್‌ನಲ್ಲಿ ದೊಡ್ಡ ಐ ಆಯ್ಕೆ ಕೊಟ್ಟು ಹೆಡರ್ ಮಾತ್ರ ಕೇಳಿ. ಮೊದಲ ಸಾಲಿನಲ್ಲಿ 401 ಬರಬೇಕು. ಫೋಲ್ಡರ್ ವಿಳಾಸ ಒಂದನ್ನೇ ನೋಡಿ ಎದ್ದುಬಿಡಬೇಡಿ. ಒಳಗಿನ ಒಂದು ಪಿಡಿಎಫ್, ಒಂದು ಚಿತ್ರ, ಪಿಎಚ್‌ಪಿ ಇದ್ದರೆ ಒಂದು ಪಿಎಚ್‌ಪಿ ಫೈಲ್, ಇವುಗಳ ವಿಳಾಸ ಸೀದಾ ಕೊಟ್ಟು ನೋಡಿ. ಎಸ್ ಇಲ್ಲದ ವಿಳಾಸಕ್ಕೆ 401 ಬರಬಾರದು, ಎಚ್‌ಟಿಟಿಪಿಎಸ್‌ಗೆ ಕಳಿಸುವ 301 ಬರಬೇಕು. ಪಾಸ್‌ವರ್ಡ್ ಪಟ್ಟಿಯ ಫೈಲನ್ನು ಸರ್ವರ್ ಓದುವಂತಿರಬೇಕು, ಬೇರೆ ಯೂಸರ್‌ಗಳು ಓದುವಂತಿರಬಾರದು, ಉಬುಂಟುವಿನಲ್ಲಿ ರೂಟ್ ಒಡೆತನ, ಗುಂಪು ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ, ಅನುಮತಿ 640 ಇಟ್ಟರೆ ಸರಿ. ಅದೇ ಫೋಲ್ಡರ್‌ನ ಜಿಪ್ ಬ್ಯಾಕಪ್ ಏನಾದರೂ ಸೈಟ್‌ನ ಬೇರಿನಲ್ಲಿ ಮರೆತು ಬಿಟ್ಟಿದ್ದೀರಾ ಅಂತ ಹುಡುಕಿ, ಬೀಗ ಫೋಲ್ಡರ್‌ಗೆ ಹೊರತು ಅದರ ಪ್ರತಿಗಳಿಗಲ್ಲ.

ಇಡೀ ಸೈಟ್‌ಗೇ ಪಾಸ್‌ವರ್ಡ್ ಹಾಕಿದವರು ಇನ್ನೂ ಒಂದು ಮಾಡಬೇಕು. ಲೆಟ್ಸ್ ಎನ್‌ಕ್ರಿಪ್ಟ್ ತನ್ನ ಪರೀಕ್ಷೆಗೆ ವೆಲ್-ನೋನ್ ಅನ್ನುವ ಚುಕ್ಕೆ ಫೋಲ್ಡರ್ ಒಳಗಿನ ಒಂದು ಫೈಲ್ ಕೇಳಿಕೊಂಡು ಬರುತ್ತದೆ, ಅದಕ್ಕೂ 401 ಕೊಟ್ಟರೆ ಸರ್ಟಿಫಿಕೇಟ್ ನವೀಕರಣ ಆಗುವುದಿಲ್ಲ. ಅವತ್ತೇ ಗೊತ್ತಾಗುವುದಿಲ್ಲ, ಹಳೆಯ ಸರ್ಟಿಫಿಕೇಟ್‌ನ ಅವಧಿ ಮುಗಿದ ದಿನ ಗೊತ್ತಾಗುತ್ತದೆ. ಆ ಫೋಲ್ಡರ್‌ಗೆ ಪಾಸ್‌ವರ್ಡ್ ಬೇಡ ಅಂತ ಒಂದು ವಿನಾಯಿತಿ ಬರೆದು, ಸರ್ಟಿಫಿಕೇಟ್ ತರುವ ಸರ್ಟ್‌ಬಾಟ್‌ನ ನವೀಕರಣವನ್ನು ಡ್ರೈ-ರನ್ ಆಯ್ಕೆ ಕೊಟ್ಟು ಈಗಲೇ ಒಮ್ಮೆ ಓಡಿಸಿ ನೋಡಿ.